ಬೇವಿನ ಹಾಸಿಗೆ, ಎಂಟು ಗಂಟೆಯ ಗುಳಿಗೆ

ನನ್ನ ಅತ್ತೆ ನನಗೆ ಕೈಮುಗಿದದ್ದು ಜೀವನದಲ್ಲಿ ಒಂದೇ ಸಲ. ಅದೂ ನನಗಲ್ಲ, ನನ್ನ ಮೈಮೇಲೆ ಎದ್ದಿದ್ದ ಗುಳ್ಳೆಗಳಿಗೆ. ಖಾನಾಪುರದ ಮನೆಯ ಒಳಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ನನ್ನನ್ನು ಮಲಗಿಸಿ, ನನ್ನ ಪಾದದ ಹತ್ತಿರ ನೆಲಕ್ಕೆ ಹಣೆ ಹಚ್ಚಿ, "ಆಯೀ, ತಂಪಾಗವಾ. ಬಂದಂಗ ಸುಮ್ಮನ ಹೋಗು. ನನ್ನ ಮನಿ ಮಂದಿನ್ನ ಕಾಯಿ" ಅಂದರು. ಮೈ ಕೆಂಡವಾಗಿದ್ದರೂ ನನಗೆ ನಗು ಬಂತು. ಹಿಂದಿನ ದಿನವಷ್ಟೇ ಇದೇ ಅತ್ತೆ ನಾನು ಚಹಾ ಕುಡಿದ ಕಪ್ಪನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಲ ಕಲ್ಲಿನ ಮೇಲೆ ಇಟ್ಟು ಬಂದಿದ್ದರು.

ಆ ಗುಳ್ಳೆ ದೇವಿಯದಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಟ್ಟರೆ ಮನೆ ಹೋಗುತ್ತಿತ್ತು, ಬಿಡದಿದ್ದರೆ ಜೀವ ಹೋಗುತ್ತಿತ್ತು. ಸಂಜೆ ಎಂಟರೊಳಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು.

ಆಗ ನಾನು ಬೆಳಗಾವಿಯ ಟಿಳಕವಾಡಿಯಲ್ಲಿ, ಸ್ಟೇಶನ್ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಎಸ್.ಟಿ.ಡಿ. ಬೂತ್ ನಡೆಸುತ್ತಿದ್ದೆ. ಗಾಜಿನ ಬಾಗಿಲು, ಹಳದಿ ಬೋರ್ಡು, ಒಳಗೆ ಬಿಸಿಗಾಳಿ ತಿರುಗಿಸುವ ಒಂದು ಫ್ಯಾನು. ಮೊಬೈಲು ಇನ್ನೂ ದೊಡ್ಡವರ ಕೈಯಲ್ಲಷ್ಟೇ ಇದ್ದ ಕಾಲ. ಕ್ಯಾಂಪಿನ ಸಿಪಾಯಿಗಳು ಪಂಜಾಬಿಗೆ, ಬಿಹಾರಕ್ಕೆ ಫೋನ್ ಹಚ್ಚಿ ಅಳುವುದನ್ನು, ಕಾಲೇಜಿನ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಡುವುದನ್ನು ದಿನವಿಡೀ ಗಾಜಿನಾಚೆಯಿಂದ ನೋಡುತ್ತಿದ್ದೆ. ನನ್ನ ಬಾಯಿ ಜೋರು ಅಂತ ಓಣಿಗೆಲ್ಲ ಗೊತ್ತು. ಜೋರಿಲ್ಲದಿದ್ದರೆ ಬೂತ್ ನಡೆಯುತ್ತಿರಲಿಲ್ಲ.

ನನ್ನ ಗಂಡ ರವಿವಾರ ಪೇಟೆಯ ಒಂದು ಸಗಟು ಅಂಗಡಿಯಲ್ಲಿ ವಸೂಲಿಗೆ ಊರೂರು ತಿರುಗುವ ಕೆಲಸ ಮಾಡುತ್ತಿದ್ದರು. ಟಿ.ಬಿ. ಆಗಿ ಸತ್ತರು ಅಂತ ಊರು ತಿಳಿದುಕೊಂಡಿತ್ತು. ಟಿ.ಬಿ. ಆದದ್ದು ಖರೇ. ಆದರೆ ಅದು ಯಾವುದರ ಬೆನ್ನು ಹತ್ತಿ ಬಂದಿತ್ತು ಎಂಬುದನ್ನು ಆಸ್ಪತ್ರೆಯ ಮಂಚದ ಮೇಲೆ, ಕೊನೆಯ ದಿನಗಳಲ್ಲಿ, ಅವರೇ ಹೇಳಿದರು. ಅವರಿಗೆ ಅದು ಮೊದಲೇ ಗೊತ್ತಿತ್ತಂತೆ. ಡಾಕ್ಟರೊಬ್ಬರು ಈಗ ಗುಳಿಗೆ ಬಂದಿವೆ, ದಿನಾ ತಗೊಂಡರೆ ಬದುಕಬಹುದು ಅಂತಲೂ ಹೇಳಿದ್ದರಂತೆ.

"ಮತ್ಯಾಕ ತಗೊಳ್ಳಲಿಲ್ಲ?" ಅಂತ ಕೇಳಿದೆ.

"ಮನ್ಯಾಗ ಇಟ್ರ ಯಾರರ ಕೇಳ್ತಾರ. ಊರಿಗೆ ಹೋದಾಗ ಅವ್ವ ಕೇಳ್ತಾಳ. ಆಕಿ ಕಿವಿಗೆ ಇದು ಬಿದ್ರ ಎದಿ ಒಡದ ಸಾಯ್ತಾಳ. ನಾ ಹಿಂಗ ಹೋದ್ರ ಪಾಡ" ಅಂದರು.

ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಆದರೆ ಹೊಡೆಯಲು ಅವರ ಮುಖದಲ್ಲಿ ಕೆನ್ನೆಯೇ ಉಳಿದಿರಲಿಲ್ಲ.

ಅವರು ಹೋದ ಮೇಲೆ ಹತ್ತು ಹನ್ನೊಂದು ತಿಂಗಳು ಧೈರ್ಯ ಸಾಲದೆ ತಡೆದು, ಕೊನೆಗೆ ನನ್ನ ರಕ್ತವನ್ನೂ ತಪಾಸಣೆ ಮಾಡಿಸಿದೆ. ನನಗೂ ಇತ್ತು. ಮೂರು ದಿನ ಬೂತಿನ ಬಾಗಿಲು ತೆಗೆಯಲಿಲ್ಲ. ನಾಲ್ಕನೇ ದಿನ ಸಿಟ್ಟು ಬಂತು. ನಾನು ಯಾಕೆ ಸಾಯಬೇಕು, ನಾನು ಯಾರ ಏನು ತಿಂದಿದ್ದೇನೆ ಅಂತ ಗೋಡೆಗೆ ಕೇಳಿದೆ. ತವರಿನಿಂದ ಬಂದ ಬಂಗಾರದ ಪಾಟಲಿ ಬಳೆ ಮಾರಿ ಕ್ಯಾಂಪಿನ ಒಬ್ಬ ಡಾಕ್ಟರ ಹತ್ತಿರ ಹೋದೆ. ಸರಕಾರ ಧರ್ಮಕ್ಕೆ ಕೊಡುವ ಗುಳಿಗೆ ನಮ್ಮ ಊರಿಗೆ ಇನ್ನೂ ಬಂದಿರಲಿಲ್ಲ.

ಹಳೆಯ ಬಂಗಲೆಯೊಂದರ ಮುಂದಿನ ಎರಡು ಕೋಣೆಗಳೇ ಆ ಡಾಕ್ಟರ ದವಾಖಾನೆ. ಹೊರಗೆ ಉದ್ದ ಪಡಸಾಲೆ, ಕಲ್ಲಿನ ಕಟ್ಟೆ. ಅಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರೂ ಕಾಂಪೌಂಡಿನ ಆಚೆ ಏನೋ ತಮಾಷೆ ನಡೆದಿದೆ ಅನ್ನುವ ಹಾಗೆ ಅತ್ತಲೇ ನೋಡುತ್ತಿದ್ದರು. ನಾನೂ ನೋಡಿದೆ. ಅಲ್ಲಿ ಒಂದು ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

ಡಾಕ್ಟರು ಮಾತಿನ ಮನುಷ್ಯ ಅಲ್ಲ, ಆದರೆ ಗುಳಿಗೆಯ ವಿಷಯ ಬಂದರೆ ಸಾಲಿ ಮಾಸ್ತರ ಆಗಿಬಿಡುತ್ತಿದ್ದರು. "ನೋಡ್ರಿ ಅಕ್ಕಾರ, ಮುಂಜಾನೆ ಎಂಟಕ್ಕ, ಸಂಜಿ ಎಂಟಕ್ಕ. ಮದುವಿ ಇರಲಿ, ಮಸಣ ಇರಲಿ, ತಪ್ಪಿಸಬಾರದು. ತಪ್ಪಿಸಿದ್ರ ಒಳಗಿನ ಹುಳಕ್ಕ ಔಷಧದ ಗುಟ್ಟು ಗೊತ್ತಾಗಿಬಿಡ್ತದ, ಆಮ್ಯಾಲೆ ಅದು ಅಂಜೂದಿಲ್ಲ. ಇದರಾಗ ಒಂದ್ ಔಷಧ ಭಾಳ ಹುಷಾರಿಲೆ ಚಾಲೂ ಮಾಡಬೇಕು. ಮೊದಲ ಎರಡ ವಾರ ಅದು ದಿನಕ್ಕ ಒಮ್ಮೆ ಅಷ್ಟ. ಆಮ್ಯಾಲೆ ಎರಡ ಸಲ." ಇಷ್ಟು ಹೇಳಿ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮೈಮ್ಯಾಲೆ ಗುಳ್ಳಿ ಎದ್ರ, ಬಾಯಾಗ ಹುಣ್ಣಾದ್ರ, ಜ್ವರ ಬಂದ್ರ, ಕಣ್ಣ ಹಳದಿ ಆದ್ರ, ಮುಂದಿನ ಗುಳಿಗಿ ನುಂಗೂ ಮೊದಲ ನನ್ನ ಕಡೆ ಬರಬೇಕು. ನೀವ ಡಾಕ್ಟರಕಿ ಮಾಡಬ್ಯಾಡ್ರಿ. ಈಗ ನಾ ಹೇಳಿದ್ದು ನೀವ ಹೇಳ್ರಿ." ನಾನು ಒಪ್ಪಿಸಿದೆ. ಎರಡು ಸಲ ತಪ್ಪಿ ಮೂರನೇ ಸಲ ಸರಿ ಹೇಳಿದೆ.

ಗುಳಿಗೆ ಶುರುವಾಯಿತು. ಮುಂಜಾನೆ ತಿಂದದ್ದು ಗಂಟಲಿಗೆ ಬರುತ್ತಿತ್ತು, ಬಾಯಲ್ಲಿ ತಗಡು ನೆಕ್ಕಿದ ರುಚಿ. ಸಂಜೆ ಎಂಟಕ್ಕೆ ಬೂತಿನಲ್ಲಿ ಗಿರಾಕಿಗಳ ಸಾಲು ನಿಂತಿರುತ್ತಿತ್ತು. ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತ ಇನ್ನೊಂದು ಕೈಯಲ್ಲಿ ಗುಳಿಗೆ ಬಾಯಿಗೆ ಎಸೆದುಕೊಳ್ಳುತ್ತಿದ್ದೆ. "ಏನ್ರಿ ಅಕ್ಕಾರ, ಬಿ.ಪಿ. ಏನ್ರಿ?" ಅಂತ ಒಬ್ಬ ಕೇಳಿದ. "ಹೂಂನಪಾ, ನಿನ್ನಂಥಾ ಉದ್ರಿ ಗಿರಾಕಿ ಮಾರಿ ನೋಡಿ ನೋಡಿ ಬಂದೈತಿ" ಅಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ರಾತ್ರಿ ಬಾಗಿಲು ಎಳೆದು ಮನೆಗೆ ಹೋದ ಮೇಲೆ ನಗಲು ಯಾರೂ ಇರುತ್ತಿರಲಿಲ್ಲ.

ಎರಡು ವಾರ ಸರಿಯಾಗಿ ಕಳೆದು ಆ ಔಷಧ ದಿನಕ್ಕೆ ಎರಡು ಸಲ ಆದ ಹೊಸತರಲ್ಲಿ ಗಂಡನ ವರ್ಷದ ತಿಥಿ ಬಂತು. ಸೊಸೆ ಹೋಗದಿದ್ದರೆ ಹೇಗೆ? ಗುಳಿಗೆಯ ಪಟ್ಟಿಯನ್ನು ಬಟ್ಟೆಯ ಸಂಚಿಯಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡು ಖಾನಾಪುರದ ಬಸ್ಸು ಹತ್ತಿದೆ.

ಆ ಮನೆಯಲ್ಲಿ ಆಗ ಮೂವರು ದೊಡ್ಡವರು, ಒಂದು ಕೂಸು. ಅತ್ತೆ, ಮೈದುನ, ಮೈದುನನ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಮತ್ತು ಅವರ ಅಂಬೆಗಾಲಿಡುವ ಮಗಳು. ಮೈದುನನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಕೆಟ್ಟ ಜನ ಅಲ್ಲ ಅವರು. ಆದರೆ ಅಣ್ಣ ಕ್ಷಯದಲ್ಲಿ ಸತ್ತ, ಅತ್ತಿಗೆ ಅವನ ಜೊತೆ ಮಲಗಿ ಎದ್ದವಳು, ಕೂಸಿಗೆ ಹತ್ತಿದರೆ ಏನು ಗತಿ ಅನ್ನುವ ಹೆದರಿಕೆ. ನಾನು ಉಣ್ಣುವ ಗಂಗಾಳದ ಅಂಚಿಗೆ ಮೊಳೆಯಿಂದ ಗೀರಿ ಗುರುತು ಮಾಡಿದ್ದರು. ಕೂಸು ನನ್ನ ಕಡೆ ಅಂಬೆಗಾಲಿಟ್ಟು ಬಂದರೆ ನೆಗೆಣ್ಣಿ ಓಡಿ ಬಂದು ಎತ್ತಿಕೊಳ್ಳುತ್ತಿದ್ದಳು, "ಅಲ್ಲಿ ಬ್ಯಾಡ ಬಾಳಾ, ಅಲ್ಲಿ ಗುಮ್ಮ ಐತಿ" ಅನ್ನುತ್ತಿದ್ದಳು. ಗುಮ್ಮ ಎಂದರೆ ನಾನು.

ತಿಥಿಯ ಹಿಂದಿನ ಸಂಜೆ ಕಿವಿಯ ಹಿಂದೆ ಕಡಿತ ಶುರುವಾಯಿತು. ತಗಣಿ ಕಡಿದಿರಬೇಕು ಅಂದುಕೊಂಡೆ. ಮುಂಜಾನೆ ಎದೆಯ ಮೇಲೆ ನಾಲ್ಕಾರು ಕೆಂಪು ಚುಕ್ಕೆ. ಡಾಕ್ಟರ ಮಾತು ನೆನಪಾಯಿತು, ಆದರೆ ಎರಡು ಮಾತು ಒಟ್ಟಿಗೇ ನೆನಪಾದವು. ಗುಳ್ಳೆ ಎದ್ದರೆ ನುಂಗುವ ಮೊದಲು ಬಾ ಅಂತ ಒಂದು, ಮದುವೆ ಇರಲಿ ಮಸಣ ಇರಲಿ ತಪ್ಪಿಸಬೇಡ ಅಂತ ಇನ್ನೊಂದು. ಎಂಟು ಹೊಡೆಯಿತು. ಇವು ಗುಳ್ಳೆ ಅಲ್ಲ, ಬರೇ ಚುಕ್ಕೆ ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡು ಹಿತ್ತಲಲ್ಲಿ ನಿಂತು ನುಂಗಿದೆ.

ಅಡುಗೆಮನೆಯಲ್ಲಿ ತಿಥಿಯ ವಡೆಗೆ ಎಣ್ಣೆ ಇಟ್ಟಿದ್ದರು. ನಾನು ನೀರು ತುಂಬಿದ ಕೊಡ ಇಳಿಸಲು ಬಗ್ಗಿದಾಗ ಸೆರಗು ಸರಿಯಿತು. ನೆಗೆಣ್ಣಿ ನನ್ನ ಕುತ್ತಿಗೆ ನೋಡಿ ಕೈಯಲ್ಲಿದ್ದ ಜಾಲರಿ ಸೌಟನ್ನು ಕೆಳಗೆ ಬಿಟ್ಟಳು. "ಅತ್ತೀ, ಇಲ್ಲಿ ಬರ್ರಿ! ಅಕ್ಕನ ಮೈ ನೋಡ್ರಿ!"

ಅತ್ತೆ ಬಂದರು. ಒಂದು ವರ್ಷದಿಂದ ನನ್ನನ್ನು ಮುಟ್ಟದವರು ಗದ್ದ ಹಿಡಿದು ಎತ್ತಿ ಮುಖ ನೋಡಿದರು, ಹಣೆ ಮುಟ್ಟಿದರು. ತಟ್ಟನೆ ಹಿಂದೆ ಸರಿದು ಕೈಮುಗಿದರು. "ಎಣ್ಣಿ ಇಳಸು. ಒಗ್ಗರಣಿ ಹಾಕಬ್ಯಾಡ, ಕರಿಯೂದ ಬ್ಯಾಡ. ಮನಿಗೆ ಆಯಿ ಬಂದಾಳ."

ನಮ್ಮ ಕಡೆ ಮೈಮೇಲೆ ಗುಳ್ಳೆ ಎದ್ದು ಜ್ವರ ಬಂದರೆ ಅದು ರೋಗ ಅಲ್ಲ, ದೇವಿ ಮನೆಗೆ ಬಂದದ್ದು. ಬಂದಾಕೆಯನ್ನು ತಂಪಾಗಿ ನೋಡಿಕೊಳ್ಳಬೇಕು. ಎಣ್ಣೆ ಸುಡುವ ವಾಸನೆ ಆಕೆಗೆ ಆಗದು. ಔಷಧ ಕೊಟ್ಟರೆ ಸಿಟ್ಟಾಗುತ್ತಾಳೆ. ಆಕೆ ಇಳಿದು, ಬೇವಿನ ನೀರು ಹಾಕಿ ಮೀಯಿಸುವ ತನಕ ಆ ಮೈ ಹೊಸ್ತಿಲು ದಾಟಬಾರದು. ಇದೆಲ್ಲ ನನಗೂ ಗೊತ್ತಿದ್ದದ್ದೇ, ಸಣ್ಣವಳಿದ್ದಾಗ ನನಗೂ ಹಾಗೇ ಮಾಡಿದ್ದರು.

"ಅತ್ತೀ, ಇದು ಆಯಿ ಅಲ್ರಿ. ಏನರ ತಿಂದದ್ದು ಮೈಗೆ ಆಗಿಲ್ಲ" ಅಂದೆ.

"ಏ, ಬಾಯಿ ಮುಚ್ಚ! ಹಂಗ ಅನಬಾರದು, ಕೇಳ್ತಾಳ ಆಕಿ" ಅಂತ ಗದರಿದರು. ಮರುಕ್ಷಣ ತಾವು ಗದರಿದ್ದು ಯಾರಿಗೆ ಎಂದು ನೆನಪಾಗಿ ಗಲ್ಲ ಗಲ್ಲ ಬಡಿದುಕೊಂಡರು.

ಮೈದುನ ಭಟ್ಟರಿಗೆ ಬರಬೇಡಿ ಅಂತ ಹೇಳಲು ಹೋದ. ಸತ್ತ ಮಗನ ತಿಥಿ ನಿಂತಿತು. ಬೇವಿನ ಸೊಪ್ಪು ಬಂತು. ಒಳಕೋಣೆ ಸಾರಿಸಿ, ಹಾಸಿ, ನನ್ನನ್ನು ಮಲಗಿಸಿದರು. ಮನೆಯ ಒಳ್ಳೆಯ ಬೆಳ್ಳಿಯ ಬಟ್ಟಲಲ್ಲಿ ಮೊಸರನ್ನ ಬಂತು. ಅತ್ತೆ ತಮ್ಮ ಕೈಯಾರೆ ಕಲಸಿ ಬಾಯಿಗೆ ಇಟ್ಟರು. ಗುರುತು ಹಾಕಿದ ಗಂಗಾಳ ಹಿತ್ತಲಲ್ಲೇ ಇತ್ತು.

ಮಧ್ಯಾಹ್ನಕ್ಕೆ ಓಣಿಯ ಹೆಂಗಸರು ಬಂದರು. ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ ತಮ್ಮ ತಮ್ಮ ದುಃಖ ಹೇಳಿಕೊಂಡು ಹೊಸ್ತಿಲಲ್ಲಿ ನೀರು ಹಾಕಿ ಹೋದರು. ಕೊನೆಗೆ ನೆಗೆಣ್ಣಿ ಕೂಸನ್ನು ತಂದು ನನ್ನ ಕಾಲ ಹತ್ತಿರ ಮಲಗಿಸಿ, "ನನ್ನ ಮಗಳನ್ನ ಕಾಯವಾ" ಅಂದಳು. ಕೂಸು ನನ್ನ ಹೆಬ್ಬೆರಳು ಹಿಡಿದುಕೊಂಡಿತು. ಅದರ ಕೈ ಅಷ್ಟು ಮೆತ್ತಗಿತ್ತು. ವರ್ಷದಿಂದ ಯಾವ ಮನುಷ್ಯರ ಕೈಯೂ ನನ್ನನ್ನು ಹಾಗೆ ಹಿಡಿದಿರಲಿಲ್ಲ. ನನಗೆ ಅಳು ಬಂತು. ಆಯಿ ಅಳುತ್ತಾಳೆ ಅಂತ ಹೊರಗಿದ್ದವರೂ ಅತ್ತರು.

ಖರೇ ಹೇಳುತ್ತೇನೆ, ನನಗೆ ಅಲ್ಲೇ ಇರಬೇಕು ಅನ್ನಿಸಿತು. ಇನ್ನೆರಡು ದಿನ ದೇವಿಯಾಗಿ ಉಂಡು, ದೇವಿಯಾಗಿ ಅನ್ನಿಸಿಕೊಂಡು, ಹಾಗೇ ಸತ್ತರೆ ಏನಾಯಿತು? ಟಿಳಕವಾಡಿಯ ಖೋಲಿಯಲ್ಲಿ ಸತ್ತರೆ ನನ್ನ ಹೆಣ ಎತ್ತಲು ನಾಲ್ಕು ಮಂದಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬರುತ್ತಾರೆ. ಇಲ್ಲಿ ಸತ್ತರೆ ಕುಂಕುಮ ಎರಚುತ್ತಾರೆ, ವಿಧವೆಗೂ. ಆ ಆಸೆ ಎಷ್ಟು ಬಲವಾಗಿತ್ತು ಎಂದರೆ ಇವತ್ತಿಗೂ ಅದನ್ನು ನೆನೆದರೆ ಹೆದರಿಕೆಯಾಗುತ್ತದೆ.

ಆದರೆ ಜೀವ ಅನ್ನುವುದು ಬಲು ಹಟಮಾರಿ. ಮೂರು ಗಂಟೆಯ ಹೊತ್ತಿಗೆ ತುಟಿ ಬಾತುಕೊಂಡವು. ನಾಲಿಗೆಯ ಕೆಳಗೆ ಹುಣ್ಣು, ನೀರು ನುಂಗಿದರೆ ಗಂಟಲು ಕೊಯ್ದಂತೆ. ಕಣ್ಣು ಉರಿದು ತೆರೆಯಲು ಆಗದು. ತೋಳಿನ ಮೇಲಿನ ಗುಳ್ಳೆಗಳು ಒಂದಕ್ಕೊಂದು ಕೂಡಿ ನೀರು ತುಂಬಿಕೊಳ್ಳತೊಡಗಿದ್ದವು. ಡಾಕ್ಟರು ಹೇಳಿದ್ದ ಒಂದೊಂದೂ ಬಂದು ನಿಂತಿತ್ತು. ಸೊಂಟದ ಸಂಚಿಯಲ್ಲಿ ಸಂಜೆಯ ಗುಳಿಗೆ ಇತ್ತು. ನುಂಗಿದರೆ ಇದು ಹೆಚ್ಚುತ್ತದೆ. ಬಿಟ್ಟರೆ ಒಳಗಿನ ಹುಳಕ್ಕೆ ಗುಟ್ಟು ತಿಳಿಯುತ್ತದೆ, ಮುಂದೆ ಯಾವ ಔಷಧವೂ ನಡೆಯುವುದಿಲ್ಲ ಅನ್ನುವ ದಿಗಿಲು. ಸರಿ ಯಾವುದು, ತಪ್ಪು ಯಾವುದು ಅಂತ ಹೇಳಬಲ್ಲ ಒಬ್ಬನೇ ಮನುಷ್ಯ ಬೆಳಗಾವಿಯ ಕ್ಯಾಂಪಿನಲ್ಲಿ ಕೂತಿದ್ದ.

ಮೈದುನನನ್ನು ಕರೆದೆ. ಅವನು ಹೊಸ್ತಿಲ ಆಚೆ ನಿಂತ.

"ನನ್ನ ಬೆಳಗಾವಿಗೆ ಕರಕೊಂಡ ಹೋಗಪಾ. ಕ್ಯಾಂಪಿನ್ಯಾಗ ಒಬ್ರ ಡಾಕ್ಟರ ಅದಾರ."

"ವೈನಿ, ಆಯಿ ಇದ್ದಾಗ ಡಾಕ್ಟರ ಕಡೆ ಹೋಗಬಾರದ್ರಿ. ಸಿಟ್ಟಾಗಿ ಒಳಗ ಇಳೀತಾಳ. ನೀರ ಹಾಕೂ ತನಕಾ ತಡೀರಿ."

"ಹೋಗಲಿ, ಒಂದ್ ಫೋನ್ ಹಚ್ಚಿ ಬಾ."

"ಯಾರಿಗ್ರಿ? ಏನಂತ ಹೇಳ್ಲಿ?"

ನಂಬರು ನನ್ನ ನಾಲಿಗೆಯ ತುದಿಯಲ್ಲಿತ್ತು. ಊರಿಗೆಲ್ಲ ಫೋನ್ ಹಚ್ಚಿಕೊಡುವವಳು ನಾನು. ಆದರೆ ಫೋನಿನಲ್ಲಿ ಇವನು ಏನು ಹೇಳುತ್ತಾನೆ, ಅತ್ತಲಿಂದ ಏನು ಕೇಳುತ್ತಾರೆ? ಯಾವ ಗುಳಿಗೆ, ಯಾವ ಜಡ್ಡಿಗೆ ಅಂತ ಕೇಳಿದರೆ? ಫೋನಿನ ಅಂಗಡಿಯ ಸಾಲಿನಲ್ಲಿ ನಿಂತು ಅವನು ಆ ಹೆಸರು ಕೇಳಿಸಿಕೊಂಡರೆ? "ಏನಿಲ್ಲ, ಬಿಡು" ಅಂದೆ. ಅವನು ನಮಸ್ಕಾರ ಮಾಡಿ ಹೋದ.

ಆಮೇಲೆ ಮಾಡಿದ್ದನ್ನು ಯೋಚನೆ ಮಾಡಿ ಮಾಡಲಿಲ್ಲ. ಹೆದರಿಕೆಯಲ್ಲಿ ಮಾಡಿದೆ. ಅತ್ತೆ ಬೇವಿನ ಟೊಂಗೆಯಿಂದ ಗಾಳಿ ಹಾಕುತ್ತ ಒಬ್ಬರೇ ಕೂತಿದ್ದರು. ನಾನು ಎದ್ದು ಕೂತೆ. ತುರುಬು ಬಿಚ್ಚಿ ಕೂದಲು ಮುಖಕ್ಕೆ ಬಿಟ್ಟುಕೊಂಡೆ. ಬಾತ ತುಟಿಯಿಂದ ಮಾತು ಹೇಗೂ ವಿಚಿತ್ರವಾಗಿಯೇ ಬರುತ್ತಿತ್ತು.

"ಏ ಮುದುಕೀ!" ಅಂದೆ. ಸುಳ್ಳು ಯಾಕೆ, ಹಾಗೆ ಅನ್ನುವಾಗ ಆ ನೋವಿನಲ್ಲೂ ಚೂರು ಸುಖವಾಯಿತು. "ನನ್ನ ಇಲ್ಲಿ ಇಡಬ್ಯಾಡ. ಬೆಳಗಾವಿಗೆ ಒಯ್ಯಿ. ಕ್ಯಾಂಪಿನ್ಯಾಗ ನನಗ ತಂಪ ನೆಳ್ಳ ಐತಿ. ಹೊತ್ತ ಮುಳಗೂದ್ರಾಗ ಒಯ್ಯಿ."

ಅತ್ತೆಯ ಕೈಯಿಂದ ಟೊಂಗೆ ಬಿತ್ತು. ಎರಡೂ ಕೈ ಜೋಡಿಸಿ, "ಒಯ್ತೀನವಾ, ಈಗಿಂದೀಗ ಒಯ್ತೀನಿ" ಅಂದರು. ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಅವರು ನೆಲಕ್ಕೆ ಬಾಗಿ ನನ್ನ ಪಾದ ಗಟ್ಟಿಯಾಗಿ ಹಿಡಿದುಕೊಂಡರು.

"ಹೋಗೂ ಮುಂಚೆ ಒಂದ್ ಮಾತ ಹೇಳಿ ಹೋಗ ನಮ್ಮವ್ವಾ. ನನ್ನ ಹಿರೇ ಮಗನ್ನ ಯಾಕ ಒಯ್ದಿ? ಹ್ವಾದ ವರ್ಷ ಈ ದಿನ ಒಯ್ದಿ. ಸಾಯೂದಕ್ಕೂ ಮೊದಲ ಅವಾ ನನ್ನ ಮಾರಿ ನೋಡಿ ಮಾತಾಡೂದ ಬಿಟ್ಟಿದ್ದ. ಬಂದ್ರ ಬಾಗಲಾಗ ನಿಂತ ಹೊಳ್ಳಿ ಹೋಗ್ತಿದ್ದ. ನಾ ಏನ್ ತಪ್ಪ ಮಾಡಿದ್ನಿ? ಯಾರೂ ಹೇಳವಲ್ರು. ನೀಯರ ಹೇಳು."

ಈ ಪ್ರಶ್ನೆಯನ್ನು ಅವರು ನನಗೆ ಎಂದೂ ಕೇಳಿರಲಿಲ್ಲ. ಸೊಸೆಗೆ ಕೇಳಲು ಬಾರದ್ದನ್ನು ದೇವಿಗೆ ಕೇಳುತ್ತಿದ್ದರು. ಏನಾದರೂ ಹೇಳಬಹುದಿತ್ತು. ನಿನ್ನ ಹರಕೆ ಉಳಿದಿತ್ತು ಅಂದರೆ ಸಾಕಿತ್ತು, ಒಪ್ಪಿಕೊಂಡು ಗಾಡಿ ತರಿಸುತ್ತಿದ್ದರು. ಸಾಯುವ ತನಕ ಆ ಹರಕೆ ಯಾವುದು ಎಂದು ಹುಡುಕುತ್ತ ಇರುತ್ತಿದ್ದರು. ನನಗೆ ಆಗಲಿಲ್ಲ. ಪಾದದ ಮೇಲೆ ಅವರ ಕಣ್ಣೀರು ಬಿದ್ದು ಗುಳ್ಳೆಗಳು ಉರಿಯುತ್ತಿದ್ದವು.

"ಅತ್ತೀ" ಅಂದೆ. "ನಾ ಆಯಿ ಅಲ್ರಿ. ನಿಮ್ಮ ಸೊಸಿ."

ಅವರು ತಲೆ ಎತ್ತಿದರು.

"ನಿಮ್ಮ ಮಗಗ ಏಡ್ಸ್ ಇತ್ರಿ. ಟಿ.ಬಿ. ಅದರ ಮ್ಯಾಲೆ ಬಂದದ್ದು. ನನಗೂ ಐತ್ರಿ. ಬದಕಬೇಕಂತ ದಿನಾ ಗುಳಿಗಿ ತಗೋತೀನಿ. ಈ ಗುಳ್ಳಿ ಆ ಗುಳಿಗಿಂದ ಎದ್ದಾವು, ದೇವಿಯಿಂದ ಅಲ್ಲ. ಇನ್ನೊಂದ ನುಂಗಿದ್ರೂ ಅಂಜಿಕಿ, ಬಿಟ್ರೂ ಅಂಜಿಕಿ. ಡಾಕ್ಟರ ಕಡೆ ಒಯ್ದ್ರ ಬದಕ್ತೀನಿ. ಇಲ್ಲಂದ್ರ ಇಲ್ಲ." ಸಂಚಿ ಬಿಚ್ಚಿ ಪಟ್ಟಿ ತೆಗೆದು ಅವರ ಮುಂದೆ ಹಿಡಿದೆ.

ಅತ್ತೆ ಅದನ್ನು ನೋಡಿದರು. ನನ್ನ ಪಾದದ ಮೇಲಿಂದ ಕೈ ತೆಗೆದರು. ಗೋಡೆ ಹಿಡಿದು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಮುಗಿಯಿತು ಅಂದುಕೊಂಡೆ. ಹೆದರಿಕೆಯೂ ಆಗಲಿಲ್ಲ, ಸುಸ್ತಾಯಿತು. ಇನ್ನು ಹೊರಗಿನಿಂದ ಬೈಗುಳ ಬರುತ್ತದೆ, ನೆಗೆಣ್ಣಿ ಕೂಸಿನ ಕೈ ತೊಳೆಯುತ್ತಾಳೆ, ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಿಡುತ್ತಾರೆ ಅಂತ ಕಾದೆ. ಸ್ವಲ್ಪ ಹೊತ್ತಿನ ಮೇಲೆ ಪಡಸಾಲೆಯಿಂದ ಅತ್ತೆಯ ದನಿ ಕೇಳಿತು. ಓಣಿಗೇ ಕೇಳುವಷ್ಟು ಜೋರಾಗಿ ಹೇಳುತ್ತಿದ್ದರು.

"ಆಯಿ ಅಪ್ಪಣಿ ಆಗೇತಿ! ಬೆಳಗಾವಿಗೆ ಒಯ್ಯಿ ಅಂದಾಳ. ಟೆಂಪೋ ಹೇಳಿ ಬಾ, ಹೊತ್ತ ಮುಳಗೂದ್ರಾಗ ಹೋಗಬೇಕು."

"ಹೊಸ್ತಿಲಾ ದಾಟಸ್ತಾರೇನವಾ?" ಅಂತ ಮೈದುನ ಕೇಳಿದ.

"ಆಯಿಗಿಂತ ನೀ ಶಾಣ್ಯಾ ಏನಲೇ? ಆಕಿನ ಹೇಳ್ಯಾಳ, ಆಕಿನ ದಾಟತಾಳ. ಹೋಗ!"

ಬಾಗಿಲು ತೆರೆದು ಒಳಗೆ ಬಂದು ನನಗೆ ಶಾಲು ಹೊದಿಸಿದರು. ಮುಖ ನೋಡಲಿಲ್ಲ. ಎದುರು ಮನೆಯವರು ನೋಡಲಿ ಅಂತ ನನ್ನ ಕೈಗೆ ಬೇವಿನ ಟೊಂಗೆ ಕೊಟ್ಟರು. ಹೆಂಗಸರು ದಾರಿಗೆ ನೀರು ಹಾಕಿದರು. ಟೆಂಪೋದ ಹಿಂದೆ ನನ್ನ ಬಾಜೂಕ ಅತ್ತೆ ಕೂತರು. ಮೈದುನನನ್ನು ಬರಬೇಡ, ಕೂಸು ನೋಡಿಕೋ ಅಂದರು. ತಗ್ಗು ಬಂದಾಗ ನಾನು ಅವರ ಮೈಮೇಲೆ ವಾಲಿದರೆ ಸರಿಯಲಿಲ್ಲ, ಹಿಡಿಯಲೂ ಇಲ್ಲ. ನನ್ನನ್ನು ಉಳಿಸಲು ಒಯ್ಯುತ್ತಿದ್ದಾರೋ ಕಳೆದುಕೊಳ್ಳಲು ಒಯ್ಯುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಬೆಳಗಾವಿ ಹತ್ತಿರ ಬಂದಾಗ "ಯಾ ಕಡೆ?" ಅಂತ ಮಾತ್ರ ಕೇಳಿದರು.

ಡಾಕ್ಟರು ಬಂಗಲೆಗೆ ಬೀಗ ಹಾಕುವುದರಲ್ಲಿದ್ದರು. ನನ್ನನ್ನು ನೋಡಿದ್ದೇ ಬಾಯಿ ತೆಗೆಸಿದರು, ಕಣ್ಣ ರೆಪ್ಪೆ ಎಳೆದು ನೋಡಿದರು. "ಸಂಜಿ ಗುಳಿಗಿ ನುಂಗಿದ್ರೇನು?"

"ಇಲ್ರಿ."

"ಚಲೋ ಆತು. ಮುಂಜಾನಿದು?"

ನಾನು ಪಟ್ಟಿಯಲ್ಲಿ ಖಾಲಿಯಾದ ಜಾಗ ತೋರಿಸಿದೆ. ಅವರು ಬೈಯಲಿಲ್ಲ. ಪಟ್ಟಿಯನ್ನು ನನ್ನ ಕೈಯಿಂದ ಇಸಿದುಕೊಂಡು, ತಾವೇ ಗಾಡಿ ತೆಗೆದು ಆಸ್ಪತ್ರೆಗೆ ಸೇರಿಸಿದರು.

ಆಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಬೆನ್ನಿನ ಚರ್ಮ ಹಾಸಿಗೆಗೆ ಅಂಟಿಕೊಂಡು ಬರುತ್ತಿತ್ತು. ಬಾಯಿಯೊಳಗೆಲ್ಲ ಸುಲಿದಿತ್ತು. ಸತ್ತರೆ ಸಾಕು ಅಂತ ಎಷ್ಟು ಸಲ ಅಂದೆನೋ. ಅತ್ತೆ ವಾರ್ಡಿನ ಬಾಗಿಲ ಬಳಿ ನೆಲದ ಮೇಲೆ ಕೂತಿರುತ್ತಿದ್ದರು. ಮೊದಲು ದೂರದಿಂದ ನೋಡುತ್ತಿದ್ದರು. ಒಂದು ದಿನ ನರ್ಸು ಬರುವುದು ತಡವಾದಾಗ, ತಾವೇ ಎದ್ದು ಬಂದು ಚಮಚೆಯಲ್ಲಿ ನೀರು ಹಾಕಿದರು. ನನಗೆ ನುಂಗಲು ಆಗದೆ ಹೊರಗೆ ಬಂತು. ಸೆರಗಿನಿಂದ ಒರೆಸಿ,  "ಸಾವಕಾಶ, ಗಡಿಬಿಡಿ ಇಲ್ಲ" ಅಂದರು. ದಾರಿ ಕೇಳಿದ್ದು ಬಿಟ್ಟರೆ, ಅದು ಅವರು ಎಲ್ಲ ಗೊತ್ತಾದ ಮೇಲೆ ನನಗೆ, ಸೊಸೆಗೆ, ಆಡಿದ ಮೊದಲ ಮಾತು.

ಗುಳ್ಳೆ ಒಣಗಿ ಹೊಸ ಚರ್ಮ ಬಂದ ಮೇಲೆ ಡಾಕ್ಟರ ಬಂಗಲೆಗೆ ಹೋದೆವು. "ಗುಳಿಗಿ ಕೆಟ್ಟವಲ್ರಿ ಅಕ್ಕಾರ. ಅದರಾಗಿನ ಒಂದ್ ಔಷಧ ನಿಮ್ಮ ಮೈಗೆ ಆಗಲಿಲ್ಲ" ಅಂದರು. "ಅದನ್ನ ಇನ್ನ ಜನ್ಮದಾಗ ಮುಟ್ಟಬಾರದು. ಯಾ ಡಾಕ್ಟರ ಕಡೆ ಹೋದ್ರೂ ಮೊದಲ ಅದನ್ನ ಹೇಳಬೇಕು. ಅದರ ಬದಲಿ ಬ್ಯಾರೆ ಬರೀತೀನಿ. ರಾತ್ರಿ ಮಲಗೂ ಮುಂದ ತಗೋಬೇಕು. ತಲಿ ತಿರಗತದ, ಎಂಥೆಂಥಾ ಕನಸ ಬೀಳ್ತಾವು, ಅಂಜಬ್ಯಾಡ್ರಿ, ಬರಬರ್ತಾ ಕಡಿಮಿ ಆಗ್ತಾವು. ಆದ್ರ ಏನ ಆದ್ರೂ ನನಗ ಹೇಳ್ರಿ. ನೀವ ನೀವ ಬಿಡಬ್ಯಾಡ್ರಿ, ನೀವ ನೀವ ನುಂಗಲೂ ಬ್ಯಾಡ್ರಿ."

ನಾನು ತಲೆ ಆಡಿಸಿದೆ. ಅತ್ತೆ ಮೂಲೆಯ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳುತ್ತಿದ್ದರು.

"ಡಾಕ್ಟರ" ಅಂದರು. "ಈ ಗುಳಿಗಿ ಹ್ವಾದ ವರ್ಷಾನೂ ಇದ್ದುವೇನ್ರಿ?"

ಡಾಕ್ಟರಿಗೆ ಅವರು ಯಾಕೆ ಕೇಳುತ್ತಿದ್ದಾರೆ ಎಂದು ಗೊತ್ತಿರಲಿಲ್ಲ. ಬರೆಯುತ್ತ, ತಲೆ ಎತ್ತದೆ, "ಇದ್ದುವ್ರಿ ಅಜ್ಜಿ. ಅದಕ್ಕೂ ಮೊದಲ ಬಂದಾವು" ಅಂದರು.

ಅತ್ತೆ ಎದ್ದು ಹೊರಗೆ ಹೋದರು. ನಾನು ಚೀಟಿ ತಗೊಂಡು ಬಂದಾಗ ಪಡಸಾಲೆಯ ಕಟ್ಟೆಯ ಮೇಲೆ, ಮುಖ ತಿರುಗಿಸಿ ಕೂತ ರೋಗಿಗಳ ನಡುವೆ ಕೂತಿದ್ದರು. ನನ್ನ ಕೈ ಹಿಡಿದು ಬಾಜೂಕ ಕೂರಿಸಿಕೊಂಡರು.

"ಖರೇ ಹೇಳು. ಅವಗ ಗೊತ್ತಿತ್ತೇನ, ಗುಳಿಗಿ ಅದಾವಂತ?"

ನನ್ನ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲ ಅಂತ ಇದೇ ಅತ್ತೆ ಮದುವೆಯಾದ ಹೊಸತರಲ್ಲಿ ಬೀಗರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದರು. ಗೊತ್ತಿತ್ತು ಅತ್ತಿ, ನಿಮ್ಮ ಕಿವಿಗೆ ಬೀಳಬಾರದು ಅಂತ ತಗೊಳ್ಳದೆ ಸತ್ತರು, ಅನ್ನುವುದು ಹಲ್ಲಿನ ತನಕ ಬಂತು.

"ಇಲ್ರಿ ಅತ್ತಿ" ಅಂದೆ. "ಅವರಿಗೆ ಗೊತ್ತಿರಲಿಲ್ಲ."

ಅವರೂ ಕಾಂಪೌಂಡಿನ ಕಡೆ ಮುಖ ತಿರುಗಿಸಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಆ ಮಗ ಎದುರಿಗೇ ನಿಂತಿದ್ದಾನೆ ಅನ್ನುವ ಹಾಗೆ ಬೈದರು.

"ಹುಚ್ಚಾ, ನನಗರ ಹೇಳಬೇಕಿಲ್ಲೇನೋ. ಊರೂರ ತಿರಗಿ ಗುಳಿಗಿ ತರ್ತಿದ್ನಲ್ಲೋ."